ದ್ರಾಕ್ಷಿ ಬಿಟ್ಟವಳು ದ್ರಾಕ್ಷಿಯ ಊರಿಗೆ ಹೋದದ್ದು

ವರ್ಷದ ಖಾರಪುಡಿಗೆಂದು ತಂದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಘಾಟಿಗೆ ಕಣ್ಣು, ಮೂಗು ಎರಡೂ ಸೋರುತ್ತಿದ್ದವು. ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಖಾರ. ಅಷ್ಟರಲ್ಲಿ ಮಟಮಟ ಮಧ್ಯಾಹ್ನ ಯಜಮಾನರು ಬಂದರು. ಪುಣೆಯ ಹಡಪಸರದ ಒಂದು ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಮಾಲು ಕಳಿಸುವ ಗುಮಾಸ್ತರು ಅವರು. ದೀಪ ಹಚ್ಚುವ ಹೊತ್ತಿಗಿಂತ ಮುಂಚೆ ಮನೆಗೆ ಬಂದದ್ದೇ ಇಲ್ಲ. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿ ಬಿಳಚಿಕೊಂಡರು.

“ಯಾಕ ಅಳಾಕತ್ತಿ? ದವಾಖಾನಿಯಿಂದ ಫೋನ್ ಬಂದಿತ್ತೇನು?”

“ಮೆಣಸಿನಕಾಯಿರೀ,” ಎಂದೆ. “ರಿಪೋರ್ಟ್ ಸೋಮವಾರ ಅಂತ ಹೇಳ್ಯಾರಲ್ಲ.”

ಅವರು ಉಸಿರು ಬಿಟ್ಟು ಹೊಸ್ತಿಲ ಮೇಲೆ ಕೂತರು. “ಹಂಗಾರ ಕೇಳು. ನಾಳೆ ಶನಿವಾರ ಮುಂಜಾನೆ ನಾವಿಬ್ಬರೂ ನಾರಾಯಣಗಾವಕ್ಕ ಹೊಂಟೀವಿ. ಆಯಿತವಾರ ಸಂಜಿಗೆ ವಾಪಸ್.”

ನಾರಾಯಣಗಾವದ ಕಡೆ ಒಂದು ವೈನ್ ಕಾರ್ಖಾನೆ ಇತ್ತು. ಅವರ ಬಾಟಲಿಗಳು ಹೋಗುತ್ತಿದ್ದುದು ಇವರ ಪೆಟ್ಟಿಗೆಗಳಲ್ಲೇ. ಅಲ್ಲಿಯ ಮ್ಯಾನೇಜರು ‘ಒಮ್ಮೆ ಮನೆಯವರನ್ನು ಕರೆದುಕೊಂಡು ಬನ್ನಿ, ತೋಟದಲ್ಲೇ ಅತಿಥಿಗಳ ಖೋಲಿ ಇದೆ’ ಎಂದು ಎಷ್ಟೋ ಸಲ ಕರೆದಿದ್ದರಂತೆ. ಹೊರಗಿನ ಖೋಲಿಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ನಮ್ಮ ಅತ್ತೆಯ ಕಿವಿಗೆ ಇದು ಬಿತ್ತು.

“ಛಲೋ ಆತು ಬಿಡಪ್ಪಾ! ಲಿವರ್ ಬ್ಯಾನಿ ಆದಾವ ಸೆರೆ ಮಾಡೂ ಊರಿಗೆ ಹೊಂಟಾನ. ಊರಾಗಿನ ಗುಡಿ ಎಲ್ಲಾ ಮುಗದಾವೇನು?”

“ಅವ್ವಾ, ಓಝರದ ಗಣಪತಿ ಅಲ್ಲೇ ಹತ್ತರ ಅದ.”

“ಅದನ್ನ ಮೊದಲ ಹೇಳಬಾರದ? ಹೋಗಿಬರ್ರಿ, ಹೋಗಿಬರ್ರಿ. ಲಗ್ನ ಆದಾಗೂ ನಿಮ್ಮಿಬ್ಬರನ್ನ ಎಲ್ಲಿಗೂ ಕಳಿಸಿಲ್ಲ. ಕೂಸಿನ್ನ ನಾ ನೋಡಕೋತೀನಿ.” ಕೂಸು ಎಂದರೆ ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದ ನಮ್ಮ ಮಗಳು.

ಎಲ್ಲರೂ ಒಪ್ಪಿದರು. ನನಗೊಬ್ಬಳಿಗೇ ಎದೆ ಧಸಕ್ಕೆಂದಿತು. ನಾರಾಯಣಗಾವ, ಜುನ್ನರ ಅಂದರೆ ದ್ರಾಕ್ಷಿಯ ಸೀಮೆ. ಅದೂ ಫೆಬ್ರವರಿಯಲ್ಲಿ, ಹಣ್ಣು ಜೋತುಬೀಳುವ ಕಾಲ. ನಾನೋ ದ್ರಾಕ್ಷಿ ಬಿಟ್ಟವಳು.

ಅದಕ್ಕೆ ಮೂರು ವರ್ಷದ ಹಿಂದೆ ಅವರಿಗೆ ಕಾಮಣಿಯಾಗಿ, ಅದು ಲಿವರಿಗೆ ಹೋಗಿ, ಆಸ್ಪತ್ರೆ ಸೇರಿದ್ದರು. ಹುಟ್ಟಿದಂದಿನಿಂದ ಒಂದು ಹನಿ ಕುಡಿದ ಮನುಷ್ಯರಲ್ಲ. ನೋಡಲು ಬಂದವರು ಮಾತ್ರ ನನ್ನನ್ನು ಬದಿಗೆ ಕರೆದು “ಕುಡೀತಿದ್ರೇನ್ರಿ?” ಎಂದು ಮೆಲ್ಲಗೆ ಕೇಳುತ್ತಿದ್ದರು. ಕಣ್ಣುಗಳು ಅರಿಶಿನ ಹಚ್ಚಿದ ಹಾಗೆ ಆಗಿದ್ದವು. ಆಗ ನಾನು ಮನೆಗೆ ಬಂದು ಬನಶಂಕರಿಯ ಫೋಟೋದ ಮುಂದೆ ನಿಂತು ಬೇಡಿಕೊಂಡೆ: “ಅವ್ವಾ, ಡಾಕ್ಟರು ಇನ್ನು ಬರುವುದು ಬೇಡ ಎನ್ನುವವರೆಗೆ ನಾನು ದ್ರಾಕ್ಷಿ ಬಾಯಿಗೆ ಹಾಕುವುದಿಲ್ಲ.” ದೇವರಿಗೆ ಬಿಡುವುದಾದರೆ ಬೇಕಾದದ್ದನ್ನೇ ಬಿಡಬೇಕು. ಹಾಗಲಕಾಯಿ ಬಿಟ್ಟರೆ ಅದೇನು ಬಿಟ್ಟ ಹಾಗೆ? ನಾನು ವಿಜಾಪುರದ ಕಡೆಯವಳು, ಸಣ್ಣವಳಿದ್ದಾಗ ದ್ರಾಕ್ಷಿಗಾಗಿ ಊಟ ಬಿಟ್ಟವಳು. ಹರಕೆ ಹೇಳಬಾರದೆಂದು ಯಾರಿಗೂ ಹೇಳಲಿಲ್ಲ. ಅವರು ಎದ್ದು ಮನೆಗೆ ಬಂದರು, ಕೆಲಸಕ್ಕೂ ಹೋದರು. ಆರು ತಿಂಗಳಿಗೊಮ್ಮೆ ರಕ್ತ ಕೊಡುವುದು, ರಿಪೋರ್ಟಿಗೆ ಕಾಯುವುದು ಮಾತ್ರ ತಪ್ಪಲಿಲ್ಲ. ಈ ಸಲ ಕೊಡುವಾಗ ಡಾಕ್ಟರು ಹೊಟ್ಟೆ ಒತ್ತಿ ನೋಡಿ “ಹೂಂ” ಎಂದು ಸುಮ್ಮನಾಗಿದ್ದರು. ಆ ‘ಹೂಂ’ ನಮ್ಮಿಬ್ಬರ ನಡುವೆ ವಾರವಿಡೀ ಕೂತಿತ್ತು.

ಮರುದಿನ ರಿಕ್ಷಾದಲ್ಲಿ ಹೊರಟೆವು. ಈಗ ದೊಡ್ಡ ದೊಡ್ಡ ಕಟ್ಟಡಗಳಿರುವ ಮಗರಪಟ್ಟಾದ ಕಡೆ ಆಗಿನ್ನೂ ಹೊಲ ಅಗೆದು ಅಡಿಪಾಯ ಹಾಕುತ್ತಿದ್ದರು. ಶಿವಾಜಿನಗರದಲ್ಲಿ ಬಸ್ಸು ಹತ್ತಿದರೆ ಕಿಟಕಿಯ ಪಕ್ಕದ ಜಾಗವೇ ಸಿಕ್ಕಿತು, ದೇವರ ದಯೆ. ತೊಡೆಯ ಮೇಲೆ ಮಗಳಿಲ್ಲ, ನೀರು ಬೇಕು ಎನ್ನುವ ಅತ್ತೆಯಿಲ್ಲ, ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮಂಚರ ದಾಟಿದ ಮೇಲೆ ಬುತ್ತಿ ಬಿಚ್ಚಿ ಚಪಾತಿ, ಶೇಂಗಾ ಚಟ್ನಿ ಕೊಟ್ಟೆ. “ಅಲ್ಲಿ ಊಟ ಕೊಡತಾರ” ಎಂದು ಅವರು ನಕ್ಕರು. ನಕ್ಕು ತಿಂದರು.

ಖೋಲಿ ಎಂದರೆ ಬಳ್ಳಿಗಳ ನಡುವೆ ಹೆಂಚು ಹೊದಿಸಿದ ಒಂದು ಸಣ್ಣ ಮನೆ. ಬಿಳಿಯ ಹಾಸಿಗೆ, ಕಿಟಕಿ ತೆಗೆದರೆ ಕೈಗೆಟಕುವಷ್ಟು ಹತ್ತಿರ ಹಸಿರು. ಗಾಳಿ ತಿರುಗಿದಾಗ ಕಾರ್ಖಾನೆಯ ಕಡೆಯಿಂದ ಹುಳಿ ಬಂದ ಹಿಟ್ಟಿನಂಥ ವಾಸನೆ. ನಾನು ಸಣ್ಣ ಬನಶಂಕರಿಯ ಫೋಟೋ ತಂದಿದ್ದೆ. ಅದನ್ನು ಕಿಟಕಿಯಲ್ಲಿಟ್ಟು ಹಿಂದೆಮುಂದೆ ನೋಡಿದೆ.

“ಏನ್ರಿ, ಇಂಥಾ ಜಾಗಾದಾಗ ದೀಪಾ ಹಚ್ಚಬಹುದೇನು?”

“ಹಚ್ಚು. ದ್ರಾಕ್ಷಿನ ಅಲ್ಲೇನು ಅದು? ಹುಳಿ ಬಂದದ, ಅಷ್ಟ. ದೇವಿ ಏನೂ ಅನ್ನಾಂಗಿಲ್ಲ.”

ಹಚ್ಚಿದೆ. ಅಷ್ಟರಲ್ಲಿ ಯಾರೋ ಒಬ್ಬ ಹೆಣ್ಣುಮಗಳು ಟ್ರೇಯಲ್ಲಿ ಚಹಾ ತಂದಿಟ್ಟುಹೋದಳು. ಮದುವೆಯಾದ ಮೇಲೆ, ಬಾಣಂತನ ಬಿಟ್ಟರೆ, ಮತ್ತೊಬ್ಬರು ಕಾಸಿದ ಚಹಾ ಕೂತಲ್ಲಿಗೆ ಬಂದದ್ದು ಅದೇ ಮೊದಲು. ಚಹಾ ಸ್ವಲ್ಪ ತಣ್ಣಗಾಗಿತ್ತು, ಸಕ್ಕರೆಯೂ ಹೆಚ್ಚು. ಆದರೂ ನಾನು ಅಷ್ಟು ರುಚಿಯ ಚಹಾ ಕುಡಿದಿಲ್ಲ. ಕುಡಿದಾದ ಮೇಲೆ ಕಪ್ಪು ತೊಳೆದಿಟ್ಟದ್ದು ನೋಡಿ ಯಜಮಾನರು ಹಣೆ ಬಡಿದುಕೊಂಡರು.

ಸಂಜೆ ಮ್ಯಾನೇಜರು ಕಾರ್ಖಾನೆ ತೋರಿಸಿದರು. ಮಾತೆಲ್ಲ ಮರಾಠಿಯಲ್ಲೇ. ದೊಡ್ಡ ಉಕ್ಕಿನ ಪೀಪಾಯಿಗಳು, ತಂಪು ಕತ್ತಲೆ. ಕೊನೆಗೆ ಒಂದು ಮೇಜಿನ ಮೇಲೆ ಗಾಜಿನ ಲೋಟಗಳಲ್ಲಿ ಬೆರಳಗಲ ಸುರಿದು ಮುಂದೆ ಸರಿಸಿದರು. ಯಜಮಾನರು ಕೈಮುಗಿದು, “ನಮಗ ಪೆಟ್ಟಿಗಿ ಅಷ್ಟ ಸಾಕ್ರಿ, ಒಳಗಿಂದು ನಿಮಗ ಇರಲಿ,” ಎಂದು ಮರಾಠಿಯಲ್ಲಿ ಹೇಳಿದ್ದಕ್ಕೆ ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು, ತಿನ್ನುವ ದ್ರಾಕ್ಷಿಯ ತಟ್ಟೆ ತರಿಸಿದರು. ಹಸಿರು, ಕಪ್ಪು, ಮೇಲೆ ತಣ್ಣನೆಯ ನೀರಿನ ಹನಿ. “ವಹಿನಿ, ತಗೊಳ್ಳಿ.”

“ಹಲ್ಲು ಜುಮ್ಮೆನ್ನುತ್ತವೆ,” ಎಂದೆ.

ಯಜಮಾನರು ನನ್ನನ್ನು ಒಂಥರಾ ನೋಡಿದರು. ಖೋಲಿಗೆ ಬರುವ ದಾರಿಯಲ್ಲಿ ತೋಟದವನನ್ನು ಕೇಳಿ ತಾವೇ ಒಂದು ಗೊನೆ ಕತ್ತರಿಸಿದರು. ಎಳೆಮಗುವಿನ ತಲೆ ಹಿಡಿಯುವ ಹಾಗೆ ಎರಡೂ ಅಂಗೈಯಲ್ಲಿ ಹಿಡಿದು ತಂದರು.

“ಬಿಸಿಲಿಗೆ ಬೆಚ್ಚಗ ಅದ. ಹಲ್ಲಿಗೆ ಏನೂ ಆಗಾಂಗಿಲ್ಲ. ತಿನ್ನು.”

“ಆಮ್ಯಾಲ ತಿಂತೀನ್ರಿ.”

“ಆಮ್ಯಾಲ ಅಂದ್ರ ಯಾವಾಗ? ಮೂರು ವರ್ಷ ಆತು, ನೀ ದ್ರಾಕ್ಷಿ ತಿಂದದ್ದ ನಾ ನೋಡಿಲ್ಲ. ಪ್ರತೀ ಸಲ ತಂದಾಗೂ ಒಮ್ಮೆ ನೆಗಡಿ ಅಂತಿ, ಒಮ್ಮೆ ಹಲ್ಲು ಅಂತಿ. ನನಗೇನು ತಿಳಿಯೂದಿಲ್ಲ? ಬ್ಯಾನಿ ಬಿದ್ದಾವ ತಿನ್ನಲಿ ಅಂತ ನನಗ ತೆಗದಿಡತಿ. ಅದಕ್ಕ ಇಲ್ಲಿ ಕರಕೊಂಡ ಬಂದೀನಿ. ತೋಟಾನ ತುಂಬಿ ನಿಂತದ. ಇಲ್ಲಿ ಯಾರಿಗೂ ತೆಗದಿಡೂದು ಬ್ಯಾಡ. ಸೋಮವಾರ ಏನ ಬರತದೋ ಏನೋ, ಅಷ್ಟರಾಗ ಒಮ್ಮೆ ನೀ ಹೊಟ್ಟಿ ತುಂಬ ತಿಂದದ್ದು ನೋಡಬೇಕಂತ ಇತ್ತು.”

ತಿಂದರೆ ಸೋಮವಾರದ ರಿಪೋರ್ಟಿಗೆ ನನ್ನ ಕೈಯಾರೆ ಕೆಡುಕು ಮಾಡಿದ ಹಾಗೆ. ಹೇಳಿದರೆ ಹರಕೆ ಕೆಡುತ್ತದೆಂಬ ಹೆದರಿಕೆ. ಗೊನೆಗೆ ಕೈಚಾಚಲಿಲ್ಲ. ಅವರು ಗೊನೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, “ಹೋಗ್ಲಿ ಬಿಡು,” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಊಟದ ಹೊತ್ತಿಗೂ ಮಾತಿಲ್ಲ, ಮುಂಜಾನೆ ಎದ್ದಾಗಲೂ ‘ಹೂಂ’, ‘ಊಹೂಂ’ ಅಷ್ಟೇ. ಬಂದದ್ದು ನನ್ನ ಸಲುವಾಗಿ, ನೊಂದದ್ದೂ ನನ್ನಿಂದಲೇ ಎಂದು ಸಂಕಟವಾಯಿತು.

ಭಾನುವಾರ ಓಝರಕ್ಕೆ ಹೋದೆವು. ಗುಡಿಯಲ್ಲಿ ಜನವೋ ಜನ. ಸುಗ್ಗಿಯಲ್ಲವೇ, ತೋಟದವರೆಲ್ಲ ಮೊದಲ ಗೊನೆ ತಂದು ಅರ್ಪಿಸಿದ್ದರು. ಗಣಪತಿಯ ಮುಂದೆ ದ್ರಾಕ್ಷಿಯ ರಾಶಿ. ಕೈಮುಗಿದು ಕಣ್ಣು ತೆಗೆಯುವಷ್ಟರಲ್ಲಿ ಪೂಜಾರಿ ನನ್ನ ಅಂಗೈಗೆ ಗರಿಕೆ, ಅದರ ಮೇಲೆ ನಾಲ್ಕು ದ್ರಾಕ್ಷಿ ಹಾಕಿದರು.

ಪ್ರಸಾದ! ಒಲ್ಲೆ ಎನ್ನುವ ಹಾಗಿಲ್ಲ, ಬಾಯಿಗೆ ಹಾಕುವ ಹಾಗಿಲ್ಲ. ಹಿಂದಿನವರು “ಪುಢೇ ಚಲಾ, ಪುಢೇ” ಎಂದು ನೂಕುತ್ತಿದ್ದರು. ನಾನು ಕಂಬದ ಬದಿಗೆ ಸರಿದು, ಸಾಲು ತೆಳುವಾದ ಮೇಲೆ, ಬಂದಷ್ಟು ಮರಾಠಿಯಲ್ಲಿ ಆ ಪೂಜಾರಿಯವರಿಗೆ ಹೇಳಿಯೇಬಿಟ್ಟೆ. ಹರಕೆ ಯಾವುದಕ್ಕೆಂದು ಹೇಳಲಿಲ್ಲ, ದ್ರಾಕ್ಷಿ ಬಿಟ್ಟಿದ್ದೇನೆ ಎಂದಷ್ಟೇ.

ವಯಸ್ಸಾದವರು. ಒಂದು ಕ್ಷಣ ಯೋಚಿಸಿ ಕೇಳಿದರು: “ಯಾರ ಮುಂದೆ ಬಿಟ್ಟಿದ್ದೀಯಮ್ಮ? ಈ ಗಣಪತಿಯ ಮುಂದೆಯೇ?”

“ಇಲ್ಲ ಕಾಕಾ, ನಮ್ಮ ಮನೆದೇವಿಯ ಮುಂದೆ.”

“ಹಾಗಾದರೆ ಬಿಡಿಸಬೇಕಾದವಳು ಅವಳು. ನಾನೂ ಅಲ್ಲ, ಇವನೂ ಅಲ್ಲ. ಮಗ ತಾಯಿಯ ಮಾತು ಮೀರುತ್ತಾನೆಯೇ? ಕಣ್ಣಿಗೆ ಒತ್ತಿಕೊಂಡು ಗಂಡನಿಗೆ ಕೊಡು. ಅವನು ತಿಂದರೆ ನಿನಗೂ ಮುಟ್ಟಿತು.”

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಕಣ್ಣಿಗೆ ಒತ್ತಿಕೊಂಡು ತಿರುಗಿದರೆ ಯಜಮಾನರು ಅಲ್ಲೇ ಬೆನ್ನ ಹಿಂದೆ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಕೈಚಾಚಿದರು. ನಾಲ್ಕು ದ್ರಾಕ್ಷಿಗಳನ್ನು ಒಂದೊಂದಾಗಿ ತಿಂದರು.

ಗುಡಿಯ ಹಿಂದೆ ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ಕೂತೆವು.

“ನನ್ನ ಸಲುವಾಗಿ?”

“ಕೇಳಬ್ಯಾಡ್ರಿ.”

“ಕೇಳಿ ಆತಲ್ಲ ಈಗ. ಎಲ್ಲೀತನಕಾ?”

ನಾನು ನೀರು ನೋಡುತ್ತ ಹೇಳಿದೆ. “ಡಾಕ್ಟರು ಇನ್ನ ಬರಬ್ಯಾಡ ಅನ್ನೂತನಕಾ.”

ಅವರು ತಲೆ ತಗ್ಗಿಸಿದರು. ಆಮೇಲೆ ಹೆಗಲು ಕುಣಿಯತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾಗಿ ನೋಡಿದರೆ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. “ಅಲ್ಲ ಹುಚ್ಚಿ, ಜಗತ್ತಿನ್ಯಾಗ ಯಾವ ಡಾಕ್ಟರರ ಬರಬ್ಯಾಡ ಅಂತಾನೇನು? ಕರಾರ ಮಾಡಾಕ ಮೊದಲ ನನ್ನ ಕೇಳಬಾರದ? ‘ಗಂಡ ಅನ್ನಾ ಉಣ್ಣೂತನಕಾ’ ಅಂದಿದ್ರ ಎಂಟ ದಿನದಾಗ ಮುಗೀತಿತ್ತು!”

“ನಗಬ್ಯಾಡ್ರಿ, ದೇವಿ ಮಾತದು.”

“ನಾನೂ ಇನ್ನ ಮ್ಯಾಲ ತಿನ್ನಾಂಗಿಲ್ಲ ಹಂಗಾರ.”

“ನೀವು ಆರಾಮ ಆಗಿ ತಿನ್ನಲಿ ಅಂತನ ನಾ ಬಿಟ್ಟದ್ದು. ನೀವೂ ಬಿಟ್ರ ನಾ ಬಿಟ್ಟದ್ದ ನೀರಾಗ ಹೋತು.”

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸುಲಿದ ಶೇಂಗಾ ಅವರು ತಿಂದರು, ಅವರು ಸುಲಿದದ್ದು ನಾನು ತಿಂದೆ. ಹೋಗುವಾಗ ನಮ್ಮ ನಡುವೆ ಕೂತಿದ್ದ ಡಾಕ್ಟರ ಆ ‘ಹೂಂ’ ಎಲ್ಲೋ ಇಳಿದುಹೋಗಿತ್ತು.

ಸೋಮವಾರ ಸಂಜೆ ಡಾಕ್ಟರ ಮುಂದೆ ಕೂತೆವು. ಅವರು ಕಾಗದ ತಿರುವಿದರು, ಕನ್ನಡಕ ಏರಿಸಿದರು. ನಾನು ಸೆರಗಿನೊಳಗೆ ಬೆರಳು ಹೆಣೆದು ಅವ್ವಾ ಅವ್ವಾ ಎನ್ನುತ್ತಿದ್ದೆ.

“ಚೆನ್ನಾಗಿದೆ,” ಎಂದರು. “ಲಿವರ್ ತಾನೇ ರಿಪೇರಿ ಮಾಡಿಕೊಂಡಿದೆ. ಇನ್ನು ಆರು ತಿಂಗಳಿಗೆ ಬೇಡ, ವರ್ಷಕ್ಕೊಮ್ಮೆ ಬಂದರೆ ಸಾಕು.”

“ಬರಲೇಬೇಕಾ ಡಾಕ್ಟರ್ ಸಾಹೇಬರೇ?” ಯಜಮಾನರು ಮುಂದಕ್ಕೆ ಬಾಗಿದರು. “ಬರುವುದೇ ಬೇಡ ಎಂದುಬಿಡಲು ಆಗುವುದಿಲ್ಲವಾ? ಬರೇ ಬಾಯಿಮಾತಿಗೆ?”

ಡಾಕ್ಟರು ಗಲಿಬಿಲಿಯಾದರು. “ಯಾಕೆ, ನಮ್ಮಿಂದ ಏನಾದರೂ ತೊಂದರೆಯಾಯಿತಾ?”

ನಾನು ಮೇಜಿನ ಕೆಳಗೆ ಅವರ ಅಂಗಿ ಜಗ್ಗಿದೆ. ಕೇಳಿ ಪಡೆದ ಮಾತು ದೇವಿಗೆ ನಡೆಯುತ್ತದೆಯೇ? ಅದು ತಾನಾಗಿ ಬರಬೇಕು. ಆ ಮಾತು ಇವತ್ತಿನವರೆಗೂ ಬಂದಿಲ್ಲ, ನಾನೂ ತಿಂದಿಲ್ಲ. ಬೇಸರವಿಲ್ಲ. ‘ಮುಂದಿನ ವರ್ಷ ಬನ್ನಿ’ ಎನ್ನಿಸಿಕೊಳ್ಳಲು ಮನುಷ್ಯ ಎದುರಿಗೆ ಇರಬೇಕಲ್ಲ, ಅದು ಸಣ್ಣ ದಯೆಯೇನೂ ಅಲ್ಲ.

ಆ ಸಂಜೆ ಮನೆಗೆ ಬಂದು ಅತ್ತೆಗೆ ಹೇಳಿದೆವು. ಅವರು ದೇವರ ಕಡೆ ತಿರುಗಿ ಕೈಮುಗಿದರು. ಯಜಮಾನರು ತಡೆಯಲಾರದೆ ನನ್ನ ಹರಕೆಯ ಕಥೆಯನ್ನೂ ಹೊರಹಾಕಿದರು. “ಅತ್ತಿ, ಹೇಳಿದ್ರ ಕೆಡತದೇನ್ರಿ?” ಎಂದು ನಾನು ಅಂಜುತ್ತ ಕೇಳಿದೆ.

“ಹೇಳಿದ್ರ ಯಾಕ ಕೆಡತದ, ತಿಂದ್ರ ಕೆಡತದ,” ಎಂದರು ಅತ್ತೆ. “ನನಗ ಎಂದೋ ಗೊತ್ತಾಗ್ಯದ. ನಾನೂ ಬದನೀಕಾಯಿ ಬಿಟ್ಟೀನಿ.”

“ಬದನೀಕಾಯಿ ವಾಯು ಆಗತದ ಅಂತಿದ್ದೆಲ್ಲ ಅವ್ವಾ!”

“ನಿನ್ನ ಮುಂದ ಮತ್ತೇನು ಹೇಳಲಿ? ಇಡೀ ಜೀವಮಾನದಾಗ ಬದನೀಕಾಯಿ ನನಗೇನೂ ಮಾಡಿಲ್ಲ.”

ಯಜಮಾನರು ನಮ್ಮಿಬ್ಬರನ್ನೂ ನೋಡಿದರು. ಚಪ್ಪಲಿ ಬಿಡುವ ನೆಪದಲ್ಲಿ ಹೊರಗೆ ಹೋದರು. ಚಪ್ಪಲಿಯನ್ನು ಅವರು ಆಗಲೇ ಬಿಟ್ಟಿದ್ದರು. ಅತ್ತೆ ನನಗೆ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು.

ಅಷ್ಟರಲ್ಲಿ ಬಚ್ಚಲ ಮೋರಿಯ ನಳದಲ್ಲಿ ಗಾಳಿ ಬುಸುಗುಟ್ಟಿತು. ಸಂಜೆಯ ನೀರು ಬಂದಿತ್ತು. ಎಷ್ಟು ಹೊತ್ತು ಇರುತ್ತದೋ ಹೇಳುವಂತಿಲ್ಲ. ನಾನು ಹೊರಗೆ ಹೋಗುವ ಒಳ್ಳೆಯ ಸೀರೆಯಲ್ಲೇ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಕೊಡ ತೊಳೆದು ನಳದ ಕೆಳಗಿಟ್ಟೆ.