ಇಪ್ಪತ್ತು ನಿಮಿಷದ ಕಳ್ಳತನ

ಹೋದ ಭಾನುವಾರ ಬೆಳಿಗ್ಗೆ ಹೆಬ್ಬಾಳದ ಕೆರೆ ಏರಿಯ ಹತ್ತಿರ ಇಬ್ಬರು ಕಳ್ಳರು ಒಬ್ಬರ ಕೈಗೆ ಇನ್ನೊಬ್ಬರು ಸಿಕ್ಕಿಬಿದ್ದರು. ಇಬ್ಬರಿಗೂ ಅರವತ್ತು ದಾಟಿದೆ. ಇಬ್ಬರ ಬಳಿಯೂ ಸೈಕಲ್ ಇತ್ತು. ಅವರಲ್ಲೊಬ್ಬ ನಾನು.

ಮೊದಲಿನಿಂದ ಹೇಳುತ್ತೇನೆ. ನಾವು ಮೂವರು ಗೆಳೆಯರು ಪ್ರತಿ ಭಾನುವಾರ ಯಲಹಂಕಕ್ಕೆ ಸೈಕಲ್ ತುಳಿಯುತ್ತೇವೆ. ಅಲ್ಲಿ ಯಾವ ಕೆಲಸವೂ ಇಲ್ಲ, ಸುಮ್ಮನೆ ಖುಷಿಗೆ. ಏಳಕ್ಕೆ ಸರಿಯಾಗಿ ಹೋಟೆಲಿನಲ್ಲಿ ಇಡ್ಲಿ, ಕಾಫಿ, ವಾಪಸ್ಸು. ನಾನು ಆರ್.ಟಿ. ನಗರದಿಂದ, ವೆಂಕಟಾಚಲಯ್ಯ ಯಶವಂತಪುರದಿಂದ, ಶಾಮಣ್ಣ ಅಮೃತಹಳ್ಳಿಯಿಂದ.

ಮೂವತ್ತು ವರ್ಷ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದವನು ನಾನು. ಸುಮ್ಮನಿರಲಾದೀತೇ? ಯಾರು ಎಷ್ಟು ಹೊತ್ತಿಗೆ ಮನೆ ಬಿಡಬೇಕೆಂದು ಟೈಮ್ ಟೇಬಲ್ ಟೈಪ್ ಮಾಡಿ ಕಾರ್ಬನ್ ಕಾಪಿ ಹಂಚಿದ್ದೆ. ಕೆಳಗೊಂದು ನಿಯಮ: ಸತತ ಮೂರು ವಾರ ತಡವಾದವರ ಹೆಸರು ತೆಗೆಯಲಾಗುವುದು. (ಆಗ ತಾನೇ ರಿಟೈರ್ ಆಗಿದ್ದೆ. ತಡವಾಗುವುದು ಬೇರೆಯವರಿಗೆ ಎಂಬ ಧೈರ್ಯವಿತ್ತು.)

ಎರಡು ತಿಂಗಳ ಹಿಂದೆ ಶಾಮಣ್ಣ ಮೂರು ವಾರ ಹತ್ತು ಹತ್ತು ನಿಮಿಷ ತಡವಾಗಿ ಬಂದರು. ಮಂಡಿ ನೋವು. ನಿಯಮ ಎಂದರೆ ನಿಯಮ. ಹೆಸರು ತೆಗೆದೆ. ಅವರು ಬರುವುದನ್ನು ನಿಲ್ಲಿಸಿದರು.

ಈಗ ನನ್ನ ವಿಷಯ. ಆರೂಕಾಲಿಗೆ ಮನೆ ಬಿಡಬೇಕಾದ ನಾನು ಯುಗಾದಿಯಿಂದೀಚೆಗೆ ಇಪ್ಪತ್ತು ನಿಮಿಷ ಮುಂಚೆಯೇ ಬಿಡುತ್ತಿದ್ದೇನೆ. ಹೆಬ್ಬಾಳದ ದಿಣ್ಣೆಯಲ್ಲಿ ಎರಡು ಕ್ಯಾನ್ ಕಟ್ಟಿಕೊಂಡ ಹಾಲಿನವನು "ಸೈಡ್ ಬಿಡಿ ಯಜಮಾನ್ರೇ" ಎಂದು ನನ್ನನ್ನು ದಾಟಿ ಹೋದ ದಿನದಿಂದ. ಏಳಕ್ಕೆ ಹೋಟೆಲಿನಲ್ಲಿ ಠಾಕುಠೀಕಾಗಿ ಕೂತಿರುತ್ತೇನೆ. ಏದುಸಿರೆಲ್ಲ ಹೊರಗೇ ಮುಗಿಸಿಕೊಂಡು.

ಹೋದ ಭಾನುವಾರವೂ ಹಾಗೇ ಬರುತ್ತಿದ್ದೆ. ಕೆರೆ ಏರಿಯ ಪಕ್ಕ ಒಬ್ಬರು ಬಗ್ಗಿ ಚೈನ್ ಹಾಕುತ್ತಿದ್ದರು. ನೋಡಿದರೆ ವೆಂಕಟಾಚಲಯ್ಯ! ಟೈಮ್ ಟೇಬಲ್ ಪ್ರಕಾರ ಅವರು ಆಗಷ್ಟೇ ಯಶವಂತಪುರದಲ್ಲಿ ಗೇಟು ತೆಗೆಯುತ್ತಿರಬೇಕು.

"ಏನ್ರೀ, ಹಾರ್ಕೊಂಡ್ ಬಂದ್ರಾ?" ಎಂದೆ.

"ನಿಮ್ಮಷ್ಟೇ ಹಾರ್ಕೊಂಡ್ ಬಂದೆ" ಎಂದರು, ಮಸಿ ಕೈ ಒರೆಸಿಕೊಳ್ಳುತ್ತ. "ಆರು ತಿಂಗಳಿಂದ ಅರ್ಧ ಗಂಟೆ ಮುಂಚೆ ಹೊರಡ್ತಿದ್ದೀನಿ ಕಣ್ರೀ. ಹೋದ್ವಾರ ನೀವು ಬರೋದು ಕಂಡು ಆ ಹುಣಸೆ ಮರದ ಹಿಂದೆ ನಿಂತ್ಕೊಂಡಿದ್ದೆ. ಇವತ್ತು ಈ ಹಾಳು ಚೈನು ಕೈಕೊಡ್ತು."

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಥಟ್ಟನೆ ನಗು ನಿಂತಿತು. ಹಾಗಾದರೆ ಮೂವರಲ್ಲಿ ಕಾಗದದಲ್ಲಿದ್ದ ಹೊತ್ತಿಗೇ ಮನೆ ಬಿಟ್ಟವರು ಶಾಮಣ್ಣ ಒಬ್ಬರೇ. ಅವರನ್ನೇ ಹೊರಗೆ ಹಾಕಿ, ಎರಡು ತಿಂಗಳಿಂದ ನಾವಿಬ್ಬರು ಕಾಫಿ ಕುಡಿಯುತ್ತಿದ್ದೇವೆ!

ಸೈಕಲ್‌ಗಳನ್ನು ಅಮೃತಹಳ್ಳಿಗೆ ತಿರುಗಿಸಿದೆವು.

ಶಾಮಣ್ಣ ಜಗಲಿಯ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ. ಪಕ್ಕದಲ್ಲಿ ಒರೆಸಿ ನಿಲ್ಲಿಸಿದ ಸೈಕಲ್. ಅವರ ಹೆಂಡತಿ ಹೊರಗೆ ಬಂದವರು, "ಪ್ರತಿ ಬಾನ್ವಾರ ಇಂಗೇ ಸ್ವಾಮಿ. ರೆಡಿಯಾಗಿ ಕೂತ್ಕೊಳ್ಳೋದು, ಏಳ್ ಗಂಟೆ ಆದ್ಮೇಲೆ ಎದ್ದು ಒಳಕ್ ಬರೋದು" ಎಂದರು.

ನನಗೆ ಕೂರಲಾಗಲಿಲ್ಲ. ನಿಂತೇ ತಪ್ಪೊಪ್ಪಿಕೊಂಡೆ, ಇಪ್ಪತ್ತು ನಿಮಿಷದ ಲೆಕ್ಕ ಸಮೇತ.

ಶಾಮಣ್ಣ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಮುಂಚೇನೇ ಒಂಟ್ರೆ ಆಯ್ತಿತ್ತಾ? ಅದನ್ನ ಏಳ್ಬಾರ್ದಿತ್ತಾ ಸ್ವಾಮಿ? ಕಾಗ್ದದಾಗೆ ಬರ್ದವ್ರಲ್ಲಾ ಅಂತ ನಾನು ಐದಕ್ಕೇ ಎದ್ದು, ಆರೂವರೆ ಆಗ್ಲಿ ಅಂತ ಗಡಿಯಾರ ನೋಡ್ಕಂಡು ಕೂತಿರ್ತಿದ್ದೆ!"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಈಗ್ಲೂ ನನ್ ಕಾಲು ನಿದಾನಾನೇ" ಎಂದರು ಆಮೇಲೆ, ಮೆಲ್ಲಗೆ.

"ನಮ್ದೇನು ಮೇಲ್ ಗಾಡೀನಾ? ಹತ್ರೀ ಸೈಕಲ್" ಎಂದರು ವೆಂಕಟಾಚಲಯ್ಯ.

ಬಳ್ಳಾರಿ ರಸ್ತೆಯಲ್ಲಿ ಶಾಮಣ್ಣ ಮುಂದೆ, ನಾವಿಬ್ಬರು ಹಿಂದೆ. ಅವರ ಮಂಡಿ ಕೇಳಿದಷ್ಟೇ ವೇಗ. ಶಾಮಣ್ಣ ಲೈನ್‌ಮನ್ ಆಗಿದ್ದವರು. ಆ ರಸ್ತೆಯ ವಿದ್ಯುತ್ ಕಂಬಗಳಲ್ಲಿ ಅವರು ಹತ್ತದೆ ಬಿಟ್ಟದ್ದು ಕಡಿಮೆ. ಯಾವ ಕಂಬದ ಮೇಲೆ ಜೇನು ಕಚ್ಚಿತು, ಯಾವ ಕಂಬದಲ್ಲಿದ್ದಾಗ ಮಗಳು ಹುಟ್ಟಿದ ಸುದ್ದಿ ಬಂತು, ಎಲ್ಲ ಹೇಳಿದರು. ಇಷ್ಟು ವರ್ಷ ಜೊತೆಗಿದ್ದೂ ನನಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ನಾವು ರಸ್ತೆಯಲ್ಲಿ ಜೊತೆಯಾಗಿ ಹೋದದ್ದೆಲ್ಲಿ? ಬೇರೆ ಬೇರೆಯಾಗಿ ಹೋಗಿ, ಹೋಟೆಲಿನಲ್ಲಿ ಹಾಜರಿ ಹಾಕುತ್ತಿದ್ದೆವು.

ಯಲಹಂಕ ತಲುಪಿದಾಗ ಎಂಟಾಗಿತ್ತು. ಇಡ್ಲಿ ಖಾಲಿ. ಉಪ್ಪಿಟ್ಟು ತಿಂದೆವು. ಚೆನ್ನಾಗಿತ್ತು. ಇನ್ನು ಮೇಲೆ ಮೂವರೂ ಶಾಮಣ್ಣನ ಜಗಲಿಯಿಂದಲೇ ಹೊರಡುವುದು, ಎಷ್ಟು ಹೊತ್ತಿಗಾದರೂ ತಲುಪುವುದು ಎಂದು ತೀರ್ಮಾನವಾಗಿದೆ.

ನನ್ನ ವಯಸ್ಸಿನ ಓದುಗರಿಗೆ ಒಂದೇ ಮಾತು: ಮುದುಕರಾಗಿದ್ದನ್ನು ಬಚ್ಚಿಡಲು ಇಷ್ಟೊಂದು ಪಾಡು ಪಡುತ್ತೇವಲ್ಲ, ಆ ಶಕ್ತಿಯನ್ನು ಪೆಡಲಿಗೇ ಹಾಕಬಾರದೇ?