ಬಲಗೆನ್ನೆಗೆ ಹಚ್ಚಿದ ಸೀರಮ್

ಊರೊಳಗಿನ ಬಸ್ಸು ಓಡಿಸುವ ಆ ಡ್ರೈವರಿಗೆ ಐವತ್ಮೂರು ವರ್ಷ. ಅದರಲ್ಲಿ ಇಪ್ಪತ್ತೆಂಟು ವರ್ಷ ಒಂದೇ ಬದಿಯ ಕಿಟಕಿಗೆ ಆತುಕೊಂಡು ಕಳೆದಿದ್ದವು. ಬಲಗೆನ್ನೆ ದಿನವಿಡೀ ಬಿಸಿಲು ತಿಂದು ಸುಕ್ಕುಗಟ್ಟಿತ್ತು. ಎಡಗೆನ್ನೆ ನೆರಳಲ್ಲಿ ಕೂತು ನುಣ್ಣಗೆ ಉಳಿದಿತ್ತು. ಅವನಿಗೆ ಇದರ ಪರಿವೆಯೇ ಇರಲಿಲ್ಲ. ಗುರುತಿನ ಚೀಟಿಗೆಂದು ತೆಗೆಸಿದ ಹೊಸ ಫೋಟೊ ನೋಡಿ ಕಂಡಕ್ಟರಮ್ಮ ಕಿಸಕ್ಕನೆ ನಕ್ಕಳು.

“ಅಣ್ಣಾ, ಎಡಗಡೆಯಿಂದ ನೋಡಿದ್ರೆ ನೀವು, ಬಲಗಡೆಯಿಂದ ನೋಡಿದ್ರೆ ನಿಮ್ಮಪ್ಪ!”

ಅವನೂ ನಕ್ಕ. ಆದರೆ ಮಾತು ಹಲ್ಲುಸಂದಿಯ ನಾರಿನಂತೆ ಸಿಕ್ಕಿಕೊಂಡಿತು.

ಮಗಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಹೆಂಡತಿಯ ಕಣ್ಣು ತಪ್ಪಿಸಿ ಮಗಳ ಕಿವಿಯಲ್ಲಿ ಕೆನ್ನೆಯ ಸಂಗತಿ ಉಸುರಿದ. ಮರುದಿನವೇ ಸುಕ್ಕು ಇಳಿಸುವ ರೆಟಿನಾಲ್ ಸೀರಮ್ಮಿನ ಪುಟ್ಟ ಬಾಟಲಿ ಬಂತು.

“ರೆಟಿನಾ ಅಂದ್ರೆ ಕಣ್ಣಲ್ವೇನೇ?”

“ಅಯ್ಯೋ ಅಪ್ಪಾ, ಕಣ್ಣಿನ ಹತ್ರಾನೂ ತಗೊಂಡು ಹೋಗ್ಬೇಡ! ರಾತ್ರಿ ಮುಖ ತೊಳೆದು, ಒರೆಸಿ, ಒಂದು ಬಟಾಣಿ ಕಾಳಿನಷ್ಟು ಹಚ್ಕೋ. ಆಮೇಲೆ ಕ್ರೀಮು. ವಾರಕ್ಕೆ ಎರಡೇ ಸಲ. ಬೆಳಿಗ್ಗೆ ಸನ್‌ಸ್ಕ್ರೀನ್ ಮರೀಬೇಡ.”

ಇಪ್ಪತ್ತೆಂಟು ವರ್ಷದ ಬಿಸಿಲಿಗೆ ಒಂದು ಬಟಾಣಿ ಕಾಳು! ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅನ್ನಿಸಿತು ಅವನಿಗೆ. ಸತತ ನಾಲ್ಕು ರಾತ್ರಿ, ಬಲಗೆನ್ನೆಗೆ ಮಾತ್ರ, ಧಾರಾಳವಾಗಿ ಬಳಿದುಕೊಂಡ. ಕ್ರೀಮು, ಸನ್‌ಸ್ಕ್ರೀನ್‌ಗಳ ಮಾತನ್ನು ಗಾಳಿಗೆ ತೂರಿದ.

ಐದನೆಯ ಬೆಳಿಗ್ಗೆ ಕೆನ್ನೆ ಕೆಂಡವಾಗಿತ್ತು, ಮುಟ್ಟಿದರೆ ಹೊಟ್ಟು ಉದುರುತ್ತಿತ್ತು. ಹೆಂಡತಿ ಏಳುವ ಮೊದಲೇ ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ಡಿಪೋಗೆ ಓಡಿದ. ಓದುವ ಕನ್ನಡಕ ಮನೆಯಲ್ಲೇ ಉಳಿಯಿತು.

ಕಂಡಕ್ಟರಮ್ಮ ಕೆನ್ನೆಯನ್ನೇ ದಿಟ್ಟಿಸಿ ದನಿ ತಗ್ಗಿಸಿದಳು. “ಅತ್ತಿಗೆ ಕೈ ಮಾಡಿದ್ರಾ ಅಣ್ಣಾ?”

ಅವನು ಬಾಯಿ ತೆರೆದ. ಈ ವಯಸ್ಸಿನಲ್ಲಿ ಚೆಂದ ಆಗಲು ಹೋಗಿ ಹೀಗಾಯಿತು ಎನ್ನುವುದಕ್ಕಿಂತ ಪೆಟ್ಟು ತಿಂದವನಾಗುವುದೇ ವಾಸಿ ಎನಿಸಿತು. ಬಾಯಿ ಮುಚ್ಚಿ ಬಸ್ಸು ಹೊರಡಿಸಿದ. ಎರಡನೇ ಟ್ರಿಪ್ಪು ಮುಗಿಯುವಷ್ಟರಲ್ಲಿ ಸುದ್ದಿ ಡಿಪೋ ತುಂಬ ಹಬ್ಬಿತ್ತು.

ಮಧ್ಯಾಹ್ನ ಹೆಂಡತಿ ಕನ್ನಡಕ ಹಿಡಿದು ಡಿಪೋಗೆ ಬಂದಳು. ಬೆಂಚಿನ ಮೇಲೆ ಹರಟುತ್ತಿದ್ದ ನಾಲ್ವರು ಡ್ರೈವರುಗಳು ದಡಬಡಿಸಿ ಎದ್ದು ನಿಂತರು. ಒಬ್ಬ ಕುರ್ಚಿ ಒರೆಸಿ ಹಾಕಿದ, ಇನ್ನೊಬ್ಬ ನೀರು ತಂದ. ವಯಸ್ಸಾದ ಮೇಲ್ವಿಚಾರಕರು ಕೈಮುಗಿದರು.

“ನೋಡಮ್ಮಾ, ಪಾಪದ ಮನುಷ್ಯ ಆತ. ಏನೇ ಇದ್ರೂ ಬಾಯಲ್ಲೇ ಹೇಳಿ.”

ಅವಳಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಗಂಡ ಬಸ್ಸಿಳಿದ. ಅವಳು ಆ ಕೆನ್ನೆ ನೋಡಿದಳು, ಸುತ್ತಲಿನ ಮುಖಗಳನ್ನೂ ನೋಡಿದಳು. ಕನ್ನಡಕ ಅವನ ಕೈಗಿಟ್ಟು ಹೋದಳು.

ಸಂಜೆ ಬಾಗಿಲಲ್ಲೇ ಅಡ್ಡ ನಿಂತಿದ್ದಳು. “ಹೊಡೀದೇನೇ ಹೆಸರು ಬಂದಿದೆಯಲ್ಲ, ಈಗ ಹೊಡೆದು ಆ ಹೆಸರು ಉಳಿಸ್ಕೊಳ್ಳಲಾ?”

ಅವನು ಬಾಟಲಿ ತಂದು ಮುಂದಿಟ್ಟು ಇದ್ದದ್ದೆಲ್ಲ ಒಪ್ಪಿಸಿದ. ಅವಳು ಪಕ್ಕೆ ಹಿಡಿದುಕೊಂಡು ನಕ್ಕಳು. ಮಗಳು ಮಾತ್ರ ನಗಲಿಲ್ಲ. ಚೆನ್ನಾಗಿ ಬೈದು, ಕೆನ್ನೆ ವಾಸಿಯಾಗುವವರೆಗೆ ಸೀರಮ್ಮನ್ನು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಹೆಂಡತಿಯ ಮೇಲಿನ ಅಪವಾದ ಅವನನ್ನು ಸುಮ್ಮನಿರಗೊಡಲಿಲ್ಲ. ಮಾರನೆಯ ದಿನ ಡಿಪೋದಲ್ಲಿ ಎಲ್ಲರೆದುರು ಸತ್ಯ ಹೇಳಿಬಿಟ್ಟ. ಒಬ್ಬರೂ ನಂಬಲಿಲ್ಲ. ಕಂಡಕ್ಟರಮ್ಮನಂತೂ ಸೆರಗಿನಿಂದ ಕಣ್ಣೊರೆಸಿಕೊಂಡಳು: “ಎಂಥಾ ಗಂಡ! ಇಷ್ಟಾದ್ರೂ ಹೆಂಡ್ತೀನ ಬಿಟ್ಟುಕೊಡಲ್ಲ ನೋಡಿ.”

ಸಂಜೆ ಬಸ್ಸಿನ ಮರೆಯಲ್ಲಿ ಮೆಕ್ಯಾನಿಕ್ ಎಣ್ಣೆಗೈ ಒರೆಸಿಕೊಳ್ಳುತ್ತ ಬಂದು, ಆಚೀಚೆ ನೋಡಿ ಕೇಳಿದ: “ಆ ಬಾಟ್ಲಿ ಹೆಸರೇನು ಅಂದ್ರಿ?”