ಫಲೇಸಿ ಅಡ್ಡ ನಿಂತದ್ದು

ನಮ್ಮ ಮಲಾವಿ ಸರೋವರದ ದಂಡೆಯಲ್ಲಿ ಉಸಿಪಾ ಎಂಬ ಸಣ್ಣ ಮೀನನ್ನು ಒಣಗಿಸಿ ಮಾರುವ ಫಲೇಸಿಗೆ ಇದ್ದವಳು ಒಬ್ಬಳೇ ಮಗಳು, ತಡಾಲಾ. ನೀರು ಹೊತ್ತು ದಿಣ್ಣೆ ಹತ್ತುವಾಗ ಹುಡುಗಿ ಅರ್ಧದಲ್ಲೇ ಕೂತುಬಿಡುತ್ತಿದ್ದಳು. ಮೈಗಳ್ಳಿ ಎಂದು ತಾಯಿಯೇ ಬೈಯುತ್ತಿದ್ದಳು. ಪೇಟೆಯಿಂದ ಸಂಶೋಧಕರ ತಂಡವೊಂದು ಎದೆಯೊಳಗನ್ನು ತೋರಿಸುವ ಯಂತ್ರ ತಂದು, ಶಾಲೆಯ ಕೋಣೆಯಲ್ಲಿ ಊರಿನ ಮಕ್ಕಳನ್ನೆಲ್ಲ ಮಲಗಿಸಿ ನೋಡಿದಾಗ ನಿಜ ತಿಳಿಯಿತು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವಳ ಹೃದಯದ ಕವಾಟವನ್ನು ಕೆಡಿಸಿತ್ತು.

"ಆಪರೇಷನ್‌ಗೆ ಹೊರದೇಶಕ್ಕೇ ಹೋಗ್ಬೇಕಮ್ಮ, ಅದು ಆಗದ ಮಾತು," ಎಂದರು ತಂಡದ ಡಾಕ್ಟರು. "ತಿಂಗಳಿಗೊಂದು ಪೆನಿಸಿಲಿನ್ ಇಂಜೆಕ್ಷನ್ ಮಾತ್ರ ತಪ್ಪಿಸಬೇಡಿ. ಇನ್ನೂ ಹದಗೆಡದ ಹಾಗೆ ತಡೆಯುತ್ತೆ."

ಹೋಗುವಾಗ, ಮಕ್ಕಳನ್ನು ಕಳಿಸಿದ್ದಕ್ಕೆಂದು ಮನೆಗೊಂದು ಸೋಪು ಕೊಟ್ಟರು.

ನಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಮೊದಮೊದಲು ಇಂಜೆಕ್ಷನ್ ಇತ್ತು. ಆಮೇಲೆ 'ಮುಂದಿನ ವಾರ ಬನ್ನಿ' ಎಂಬ ಮಾತೊಂದೇ ಉಳಿಯಿತು. ಮೆಕ್ಕೆಜೋಳ ಕೊಯ್ಯುವ ಹೊತ್ತಿಗೆ ತಡಾಲಾಳ ಕಾಲು ಊದಿಕೊಂಡವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಒಂದು ಬೆಳಿಗ್ಗೆ, ಗೋಡೆಗೆ ಒರಗಿ ಕೂತಲ್ಲೇ ಹೋಗಿಬಿಟ್ಟಳು.

ಕೆಲವು ತಿಂಗಳ ಮೇಲೆ ಅದೇ ತಂಡದ ಹುಡುಗಿಯೊಬ್ಬಳು ಬಂದು ಫಲೇಸಿಯ ಚಾಪೆಯ ಮೇಲೆ ಕೂತಳು. ಮನೆಯಲ್ಲಿ ಸತ್ತವರು ಯಾವ ಕಾಯಿಲೆಯಿಂದ ಸತ್ತರೆಂದು ಮನೆಯವರನ್ನೇ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಕೆಮ್ಮಿತ್ತೇ, ಜ್ವರವಿತ್ತೇ, ಕಾಲು ಊದಿದ್ದವೇ ಎಂದು ಮೆಲ್ಲಗೆ ಕೇಳಿದಳು. ಫಲೇಸಿ ಎಲ್ಲದಕ್ಕೂ ಉತ್ತರ ಕೊಟ್ಟಳು. ಕೊನೆಗೆ ಹೇಳಿದಳು:

"ಎದೆಯೊಳಗೆ ಇಣುಕಿದೋರು ನೀವು. ನನಗಿಂತ ಮೊದ್ಲೇ ನಿಮಗೆ ಗೊತ್ತಿತ್ತಲ್ಲವ್ವ. ಮತ್ಯಾಕೆ ನನ್ನ ಬಾಯಿಂದ ಹೇಳಿಸ್ತೀಯ?"

"ಎಷ್ಟು ಜನ ಹೀಗೆ ಸಾಯ್ತಾರೆ ಅಂತ ತೋರಿಸಿದ್ರೆ ಔಷಧಿ ಕಳಿಸ್ತಾರಮ್ಮ."

"ಓಹೋ. ಇನ್ನೂ ಒಂದಿಷ್ಟು ಹೆಣ ಬೇಕು ಅನ್ನು."

ಹುಡುಗಿ ಪುಸ್ತಕ ಮುಚ್ಚಿ ಎದ್ದಳು.

ಮರುವರ್ಷ ತಂಡ ಮತ್ತೆ ಬಂತು. ಊರಿನ ಮುಖ್ಯಸ್ಥ ಮಾವಿನ ಮರದಡಿ ಸೇರಿಸಿದ ಸಭೆಯಲ್ಲಿ ಫಲೇಸಿ ಎದ್ದು ನಿಂತಳು. "ಮೊದಲು ಇಂಜೆಕ್ಷನ್ ತಂದಿಡಿ, ಆಮೇಲೆ ಮಕ್ಕಳನ್ನ ಮಲಗಿಸ್ತೀವಿ. ರೋಗ ಐತೆ ಅಂತ ಹೇಳಿ ಎದ್ದು ಹೋಗೋ ಕೆಲಸ ನಮ್ಮೂರ ಮಂತ್ರವಾದಿನೂ ಮಾಡ್ತಾನೆ."

ಹೆಂಗಸರು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಮಕ್ಕಳ ಕೈಹಿಡಿದು ಹೊರಟರು. ಮುಖ್ಯಸ್ಥ ಗದರಿದರೂ ಯಾರೂ ತಿರುಗಲಿಲ್ಲ. ತಂಡ ಜೀಪು ಹತ್ತಿ ಗುಡ್ಡದಾಚೆಯ ಊರಿಗೆ ಹೋಯಿತು.

ಮಳೆಗೆ ಮುಂಚೆಯೇ ಆ ಊರಿನ ಕೇಂದ್ರಕ್ಕೆ ಇಂಜೆಕ್ಷನ್ ಬಂತು. ದಾನಿಗಳು ಕೊಟ್ಟದ್ದು. ಯಂತ್ರದಲ್ಲಿ ರೋಗ ಕಂಡು ತಂಡದ ಪಟ್ಟಿಗೆ ಹೆಸರು ಸೇರಿದವರಿಗೆ ಮಾತ್ರ.

"ಸೋಪೂ ಹೋಯ್ತು, ಸೂಜಿನೂ ಹೋಯ್ತು," ಎಂದಳು ಪಕ್ಕದ ಮನೆಯ ಎಲ್ಲೀನಾ, ಸಂತೆಯಲ್ಲಿ ಎಲ್ಲರಿಗೂ ಕೇಳುವಂತೆ. "ತನ್ನ ಮಗಳು ಸತ್ಲು ಅಂತ ಊರಿನ ಮಕ್ಕಳ ಔಷಧಿ ಓಡಿಸಿದ್ಲು."

ಅಂದಿನಿಂದ ಫಲೇಸಿಯ ಮೀನು ಕೊಳ್ಳುವವರಿಲ್ಲದೆ ಬುಟ್ಟಿಯಲ್ಲೇ ಉಳಿಯತೊಡಗಿತು.

ಆ ಮಳೆಗಾಲದಲ್ಲಿ ಎಲ್ಲೀನಾಳ ಮಗಳು ಲವ್‌ನೆಸ್‌ಗೆ ಕೀಲುಜ್ವರ ಬಂತು. ಜ್ವರ ಇಳಿದರೂ ಏದುಸಿರು ನಿಲ್ಲಲಿಲ್ಲ. ಯಾರೂ ಕರೆಯದೆಯೇ ಫಲೇಸಿ ಅವರ ಮನೆಗೆ ಹೋಗಿ, "ಏಳು, ನಡಿ," ಎಂದಳು. ಹುಡುಗಿಯನ್ನು ಬಾಡಿಗೆ ಸೈಕಲ್ಲಿನ ಹಿಂದೆ ಕೂರಿಸಿ ಇಬ್ಬರೂ ಗುಡ್ಡ ಹತ್ತಿ ಆಚೆಯೂರಿನ ಕೇಂದ್ರಕ್ಕೆ ಹೋದರು.

"ಪಟ್ಟೀಲಿ ಇವಳ ಹೆಸರಿಲ್ಲ," ಎಂದಳು ನರ್ಸ್. "ಹೆಸರಿಲ್ಲದೋರಿಗೆ ಕೊಟ್ಟರೆ ನನ್ನ ಕೆಲಸ ಹೋಗುತ್ತೆ ಅಕ್ಕ."

"ತಡಾಲಾ ಅಂತ ಐತಾ ನೋಡವ್ವ."

ಇತ್ತು. ಮೊದಲ ವರ್ಷ ಯಂತ್ರ ರೋಗ ಕಂಡಾಗಲೇ ಆ ಹೆಸರು ತಂಡದ ಪಟ್ಟಿ ಸೇರಿತ್ತು. ಚಾಪೆಯ ಮೇಲೆ ಕೂತು ಆ ಹುಡುಗಿ ಬರೆದುಕೊಂಡು ಹೋದ ಸಾವಿನ ಸುದ್ದಿ ಇಲ್ಲಿಗಿನ್ನೂ ಬಂದಿರಲಿಲ್ಲ.

"ಇವಳೇ," ಎಂದಳು ಫಲೇಸಿ.

ನರ್ಸ್ ಇಬ್ಬರು ತಾಯಂದಿರ ಮುಖವನ್ನೂ ನೋಡಿದಳು. ಮತ್ತೇನೂ ಕೇಳದೆ ಸೂಜಿ ಚುಚ್ಚಿದಳು.

ದಾರಿಯಲ್ಲಿ ಎಲ್ಲೀನಾ ಅಳುತ್ತ, "ಅಕ್ಕಾ, ನಿನ್ನ ಉಪಕಾರ..." ಎಂದು ಶುರುಮಾಡಿದಳು.

"ಬಾಯ್ಮುಚ್ಕೊಂಡು ನಡಿ," ಎಂದಳು ಫಲೇಸಿ. "ಆ ಹೆಸರಿನೋಳು ಇದ್ದಾಗ ಈ ಸೂಜಿ ಇರ್ಲಿಲ್ಲ."

ಈಗಲೂ ತಿಂಗಳಿಗೊಮ್ಮೆ ಹೋಗುತ್ತಾರೆ. ನರ್ಸ್ 'ತಡಾಲಾ' ಎಂದು ಕೂಗಿದರೆ ಲವ್‌ನೆಸ್ ಎದ್ದು ಹೋಗುತ್ತಾಳೆ. ಫಲೇಸಿ ಒಳಗೆ ಬರುವುದಿಲ್ಲ. ಆ ಕೂಗು ಕೇಳಿಸದಷ್ಟು ದೂರ, ರಸ್ತೆಯಾಚೆ ಕೂತಿರುತ್ತಾಳೆ.